ಹದಿನಾರಕ್ಕೆ ಮೂಲೆ ಸೇರಿದ ಸೈಕಲ್, ನಲವತ್ತೆರಡಕ್ಕೆ ಗೆದ್ದ ಚಿನ್ನ

ದೇವದುರ್ಗ, ಮಾನ್ವಿ ಕಡೆ ಹಳ್ಳಿಗಳಿಗೆ ಹೋದಾಗ ನಮ್ಮ ಕಣ್ಣು ತಾನಾಗಿಯೇ ಒಂದು ವಸ್ತುವನ್ನು ಹುಡುಕುತ್ತದೆ. ಮುಂದೆ ಬುಟ್ಟಿ ಇರುವ ಲೇಡೀಸ್ ಸೈಕಲ್. ಹೈಸ್ಕೂಲಿಗೆ ಹೋಗುವ ಹುಡುಗಿಯರಿಗೆ ಸರ್ಕಾರ ಕೊಟ್ಟ ಸೈಕಲ್. ಕೆಲವು ಮನೆಗಳಲ್ಲಿ ಅದು ದನದ ಕೊಟ್ಟಿಗೆಯ ಗೋಡೆಗೆ ಒರಗಿರುತ್ತದೆ. ಟೈರು ಸೀಳಿರುತ್ತದೆ, ಚೈನು ತುಕ್ಕು ಹಿಡಿದಿರುತ್ತದೆ. ಬುಟ್ಟಿಯಲ್ಲಿ ಕೋಳಿ ಮೊಟ್ಟೆ ಇಟ್ಟಿದ್ದನ್ನೂ ನೋಡಿದ್ದೇವೆ.

ನಮ್ಮ ತಂಡದಲ್ಲಿಯೇ ಇಬ್ಬರಿಗೆ ಆ ಸೈಕಲ್ ಸಿಕ್ಕಿತ್ತು. ಇಬ್ಬರೂ ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಓಡಿಸಿದರು. ಆಮೇಲೆ ಮನೆಯ ಹಿರಿಯರು ಒಂದೇ ಮಾತು ಹೇಳಿದರು: ‘ಇನ್ನೇನು ಸಣ್ಣಾಕಿ ಏನು ನೀನು? ಸಾಕು ಬಿಡು.’ ಅಲ್ಲಿಗೆ ಸೈಕಲ್ ನಿಂತಿತು. ಒಬ್ಬಾಕೆಯ ಸೈಕಲ್ ತಮ್ಮನ ಪಾಲಾಯಿತು, ಇನ್ನೊಬ್ಬಾಕೆಯದು ಗುಜರಿಗೆ ಹೋಯಿತು.

ನಮ್ಮ ರಾಜ್ಯದಲ್ಲಿ ಈ ಸೈಕಲ್ ಯೋಜನೆ ಶುರುವಾದದ್ದು 2006-07ರಲ್ಲಿ. ಎಂಟನೇ ತರಗತಿಯ ಬಡ ಮನೆಯ ಹುಡುಗಿಯರಿಗೆ ಮೊದಲು ಸಿಕ್ಕಿತು, ಬಳಿಕ ಹುಡುಗರಿಗೂ ಕೊಟ್ಟರು. ಕೊರೊನಾ ಬಂದ ಮೇಲೆ ವಿತರಣೆ ನಿಂತಿತು. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಮೊದಲ ವರ್ಷ ಸೈಕಲ್ ಪಡೆದ ಹದಿಮೂರರ ಹುಡುಗಿ ಇವತ್ತು ಮೂವತ್ತು ದಾಟಿದ್ದಾಳೆ. ಅವಳಿಗೆ ಒಂದೆರಡು ಮಕ್ಕಳಿರಬಹುದು. ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು, ನೆಲ್ಲಿನ ನಾಟಿಗೆ ಟಂಟಂ ಹತ್ತಿ ಹೋಗುತ್ತಿರಬಹುದು. ‘ಸೈಕಲ್ ಓಡಿಸ್ತೀಯಾ’ ಅಂತ ಕೇಳಿದರೆ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ನಗುತ್ತಾಳೆ. ‘ಈ ವಯಸ್ಸಿಗೇನ್ರಿ’ ಅನ್ನುತ್ತಾಳೆ.

ಈ ‘ವಯಸ್ಸು’ ಅನ್ನುವ ಮಾತು ಎಷ್ಟು ನಿಜ? ಇದನ್ನು ತಿಳಿಯಲು ನಾವು ಹೆಂಗಸರ ಸೈಕಲ್ ರೇಸಿನ ಇತಿಹಾಸ ಓದಲು ಕುಳಿತೆವು. ಓದುತ್ತಾ ಹೋದಂತೆ ಕಂಡದ್ದು ಬೇರೆಯೇ. ಜಗತ್ತಿನ ದೊಡ್ಡ ದೊಡ್ಡ ರೇಸುಗಳನ್ನು ಗೆದ್ದವರಲ್ಲಿ ಮೂವತ್ತು ದಾಟಿದವರು, ನಲವತ್ತರ ಹತ್ತಿರದವರು, ನಲವತ್ತು ದಾಟಿದವರು, ಮಕ್ಕಳ ತಾಯಂದಿರು ಸಾಲಾಗಿ ಸಿಗುತ್ತಾರೆ. ಆ ಕಥೆಯನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ.

ಬಾಗಿಲು ತೆರೆದದ್ದೇ ತಡವಾಗಿ

ಹೆಂಗಸರು ಸೈಕಲ್ ರೇಸಿಗೆ ಇಳಿದದ್ದು ಇವತ್ತು ನಿನ್ನೆಯಲ್ಲ. ಫ್ರಾನ್ಸಿನ ಬೋರ್ಡೊ ಪಟ್ಟಣದಲ್ಲಿ 1868ರ ನವೆಂಬರ್ 1ರಂದು ಹೆಂಗಸರ ರೇಸು ನಡೆದಿತ್ತು. ಆಗಿನ ಸೈಕಲ್ಲಿಗೆ ಚೈನು ಇರಲಿಲ್ಲ, ಗಾಳಿ ತುಂಬುವ ಟೈರೂ ಇರಲಿಲ್ಲ. ಪೆಡಲ್ ಮುಂದಿನ ಗಾಲಿಗೇ ಇರುತ್ತಿತ್ತು.

ಆದರೆ ವಿರೋಧವೂ ಜೊತೆಗೇ ಬಂತು. 1890ರ ದಶಕದಲ್ಲಿ ಯುರೋಪು, ಅಮೆರಿಕದ ಕೆಲವು ಡಾಕ್ಟರುಗಳು ಸೈಕಲ್ ತುಳಿದರೆ ಹೆಣ್ಣಿನ ಗರ್ಭಕ್ಕೆ ಕೇಡು ಎಂದು ಬರೆದರು. ಮುಖ ಬಿಗಿದುಕೊಂಡು ಕಣ್ಣು ಹೊರಬರುತ್ತವೆ ಎಂದೂ ಹೆದರಿಸಿದರು. ಆ ರೋಗಕ್ಕೆ ‘ಸೈಕಲ್ ಮುಖ’ ಅಂತ ಹೆಸರು ಬೇರೆ ಇಟ್ಟಿದ್ದರು! ಅಂಥ ರೋಗ ಇರಲೇ ಇಲ್ಲ. ಆದರೂ ಆ ಮಾತಿನ ನೆರಳು ಸಾವಿರಾರು ಮೈಲಿ ದಾಟಿ ನಮ್ಮ ಹಳ್ಳಿಗಳಲ್ಲೂ ಇದೆ. ‘ಸೈಕಲ್ ತುಳಿದ್ರ ಮುಂದ ಮಕ್ಕಳಾಗೂದು ಕಷ್ಟ’ ಅನ್ನುವವರನ್ನು ನಾವೇ ಕೇಳಿದ್ದೇವೆ.

1924ರಲ್ಲಿ ಇಟಲಿಯ ಅಲ್ಫೊನ್ಸಿನಾ ಸ್ಟ್ರಾಡಾ ಎಂಬ ಹೆಂಗಸು ಗಂಡಸರ ಜೊತೆಯಲ್ಲೇ ‘ಜಿರೊ ದ ಇಟಾಲಿಯಾ’ ರೇಸಿಗೆ ಇಳಿದರು. ಇಟಲಿ ದೇಶವನ್ನೇ ಸುತ್ತುವ, 3,600 ಕಿಲೋಮೀಟರಿನ ರೇಸು ಅದು. ಆಗ ಅವರಿಗೆ 33 ವರ್ಷ. ಒಂದು ದಿನ ಮಳೆ ಗಾಳಿಯಲ್ಲಿ ಬಿದ್ದು ಸೈಕಲ್ಲಿನ ಹ್ಯಾಂಡಲ್ ಮುರಿಯಿತು. ಕಸಬರಿಗೆಯ ಕೋಲು ಕಟ್ಟಿಕೊಂಡು ಮುಂದೆ ಹೋದರು. ಆವತ್ತು ಗೊತ್ತುಪಡಿಸಿದ ಸಮಯ ಮೀರಿದ್ದರಿಂದ ಲೆಕ್ಕದಿಂದ ಹೊರಗೆ ಹಾಕಿದರು. ಆದರೂ ಜೊತೆಗೆ ಓಡಿಸಲು ಬಿಟ್ಟರು. ಹೊರಟ ತೊಂಬತ್ತು ಜನರಲ್ಲಿ ಕೊನೆ ಮುಟ್ಟಿದವರು ಮೂವತ್ತು ಜನ. ಅವರ ಜೊತೆ ಸ್ಟ್ರಾಡಾ ಕೂಡ ಮಿಲಾನ್ ನಗರ ಮುಟ್ಟಿದರು. ಮುಂದಿನ ವರ್ಷಗಳಲ್ಲಿ ಆ ರೇಸಿಗೆ ಹೆಣ್ಣನ್ನು ಸೇರಿಸಿಕೊಳ್ಳಲಿಲ್ಲ.

ಈ ಮೂರು ಇಸವಿಗಳನ್ನು ನೆನಪಿಡಿ. ಗಂಡಸರ ಸೈಕಲ್ ರೇಸು ಒಲಿಂಪಿಕ್ಸಿನಲ್ಲಿ ಶುರುವಾದದ್ದು 1896ರಲ್ಲಿ, ಅಂದರೆ ಮೊದಲ ಒಲಿಂಪಿಕ್ಸಿನಲ್ಲೇ. ಹೆಂಗಸರಿಗೆ ವಿಶ್ವ ಚಾಂಪಿಯನ್‌ಷಿಪ್ ಸಿಕ್ಕಿದ್ದು 1958ರಲ್ಲಿ. ಒಲಿಂಪಿಕ್ಸಿನಲ್ಲಿ ಅವಕಾಶ ಸಿಕ್ಕಿದ್ದು 1984ರಲ್ಲಿ. ಗಂಡಸರಿಗಿಂತ 88 ವರ್ಷ ತಡ! ಹಾಗಾಗಿ ಮೊದಲ ತಲೆಮಾರಿನ ಎಷ್ಟೋ ಹೆಂಗಸರಿಗೆ ದೊಡ್ಡ ಮೈದಾನ ಸಿಗುವ ಹೊತ್ತಿಗೆ ವಯಸ್ಸಾಗಿತ್ತು. ಆದರೂ ಅವರು ಬಂದರು, ಬಂದು ಗೆದ್ದರು.

ಹೊಲದ ಕೂಲಿಯಿಂದ ಏಳು ವಿಶ್ವ ಪಟ್ಟ

ನಮ್ಮ ಓದುಗರಿಗೆ ಎಲ್ಲರಿಗಿಂತ ಹತ್ತಿರದವರು ಇಂಗ್ಲೆಂಡಿನ ಬೆರಿಲ್ ಬರ್ಟನ್. ಹುಟ್ಟಿದ್ದು 1937ರಲ್ಲಿ, ಲೀಡ್ಸ್ ನಗರದ ಕಡೆ. ಚಿಕ್ಕವರಿದ್ದಾಗ ಕೀಲುವಾತದ ಜ್ವರ ಬಂದು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. ಹೃದಯ ಸೋತಿದೆ, ಶ್ರಮದ ಕೆಲಸ ಬೇಡ ಎಂದಿದ್ದರು ಡಾಕ್ಟರು. ಸೈಕಲ್ಲಿನ ರುಚಿ ಹತ್ತಿದ್ದು ಗಂಡನಿಂದ.

ಬರ್ಟನ್ ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ಹೊಲದ ಕೆಲಸ. ರೂಬಾರ್ಬ್ ಅಂತ ಒಂದು ಬೆಳೆ, ಅದರ ದಂಟು ತಿನ್ನುತ್ತಾರೆ. ಆ ಹೊಲದಲ್ಲಿ ಅಗೆಯುವುದು, ಎತ್ತುವುದು, ಹೊರುವುದು. ಹೊಲದ ಮಾಲೀಕನೂ ಸೈಕಲ್ ರೇಸಿನವನೇ. ಬರ್ಟನ್‌ಗೆ ಕಂಪನಿಯ ಸಂಬಳ ಇರಲಿಲ್ಲ, ಪೂರ್ಣಾವಧಿ ಕ್ರೀಡಾಪಟುವಾಗಿ ಬದುಕಲಿಲ್ಲ. ಕೆಲಸ, ಮನೆ, ಮಗಳು, ಜೊತೆಗೆ ಸೈಕಲ್. ಹೀಗೇ ಇದ್ದುಕೊಂಡು ಏಳು ಸಲ ವಿಶ್ವ ಚಾಂಪಿಯನ್ ಆದರು.

1967ರ ಸೆಪ್ಟೆಂಬರಿನಲ್ಲಿ ಹನ್ನೆರಡು ತಾಸಿನ ರೇಸು ನಡೆಯಿತು. ಹನ್ನೆರಡು ತಾಸಿನಲ್ಲಿ ಎಷ್ಟು ದೂರ ಹೋಗುತ್ತೀರೋ ಅಷ್ಟೇ ಲೆಕ್ಕ. ಗಂಡಸರು ಮುಂದೆ ಹೊರಟರು, ಹೆಂಗಸರು ಹಿಂದೆ. ಬರ್ಟನ್‌ಗೆ ಆಗ 30 ವರ್ಷ, ಮಗಳು ಬೆಳೆದಿದ್ದಳು. ಮುಂದೆ ಹೊರಟ ಗಂಡಸರನ್ನು ಒಬ್ಬೊಬ್ಬರನ್ನಾಗಿ ಹಿಡಿಯುತ್ತಾ ಹೋದರು. ಕೊನೆಗೆ ಮೈಕ್ ಮೆಕ್‌ನಮಾರಾ ಒಬ್ಬರೇ ಉಳಿದರು. ಅವರು ಗಂಡಸರ ಹೊಸ ದಾಖಲೆಯತ್ತ ಹೊರಟಿದ್ದರು. ಅವರನ್ನು ದಾಟುವಾಗ ಬರ್ಟನ್ ಜೇಬಿನಿಂದ ಒಂದು ಮಿಠಾಯಿ ತೆಗೆದು ಕೈಗೆ ಕೊಟ್ಟು ಮುಂದೆ ಹೋದರು. ಈ ಮಿಠಾಯಿ ಕಥೆ ಸೈಕಲ್ ಲೋಕದಲ್ಲಿ ಇವತ್ತಿಗೂ ಓಡಾಡುತ್ತದೆ.

ಆ ದಿನ ಬರ್ಟನ್ ಕ್ರಮಿಸಿದ್ದು 277.25 ಮೈಲಿ, ಅಂದರೆ ಸುಮಾರು 446 ಕಿಲೋಮೀಟರು. ರಾಯಚೂರಿಂದ ಬೆಂಗಳೂರಿಗೆ ಹೋಗುವ ದಾರಿಗಿಂತಲೂ ಹೆಚ್ಚು. ಗಂಡಸರು ಆ ದೂರ ದಾಟಲು ಎರಡು ವರ್ಷ ಬೇಕಾಯಿತು. ಹೆಂಗಸರಲ್ಲಿ ಅದನ್ನು ಮುರಿಯಲು 2017ರ ತನಕ, ಐವತ್ತು ವರ್ಷ ಬೇಕಾಯಿತು.

ಇಲ್ಲಿ ನಮಗೆ ಮುಖ್ಯವಾದದ್ದು ಇನ್ನೊಂದು ಲೆಕ್ಕ. ಬ್ರಿಟನ್ನಿನಲ್ಲಿ ವರ್ಷದ ಎಲ್ಲ ದೂರಗಳ ಸಾಧನೆ ಸೇರಿಸಿ ಒಬ್ಬ ಮಹಿಳೆಗೆ ಕೊಡುವ ಪಟ್ಟವೊಂದಿದೆ. ಬರ್ಟನ್ ಅದನ್ನು 1959ರಿಂದ 1983ರ ತನಕ ಸತತ 25 ವರ್ಷ ಬಿಟ್ಟುಕೊಡಲಿಲ್ಲ. ಕೊನೆಯ ಸಲ ಗೆದ್ದಾಗ ವಯಸ್ಸು 46. ಮಗಳು ಡೆನಿಸ್ ಕೂಡ ಅಷ್ಟರಲ್ಲಿ ದೊಡ್ಡ ಸೈಕ್ಲಿಸ್ಟ್ ಆಗಿದ್ದರು. 1976ರ ರಾಷ್ಟ್ರೀಯ ರೇಸಿನಲ್ಲಿ ಮಗಳು ತಾಯಿಯನ್ನು ಸೋಲಿಸಿದಾಗ ಬರ್ಟನ್ ವೇದಿಕೆಯಲ್ಲಿ ಮಗಳ ಕೈ ಕೂಡ ಕುಲುಕಲಿಲ್ಲ. ಸೋಲು ಅಂದರೆ ಅಷ್ಟು ಆಗದು ಅವರಿಗೆ. ಆದರೆ 1982ರಲ್ಲಿ ಇದೇ ತಾಯಿ ಮಗಳು ಜೋಡಿ ಸೈಕಲ್ಲಿನ ಮೇಲೆ ಕೂತು ಹತ್ತು ಮೈಲಿಯ ರಾಷ್ಟ್ರೀಯ ದಾಖಲೆ ಮಾಡಿದರು.

ಒಲಿಂಪಿಕ್ಸಿನ ಬಾಗಿಲು ಹೆಂಗಸರಿಗೆ ತೆರೆದ 1984ರಲ್ಲಿ ಬರ್ಟನ್‌ಗೆ 47. ಹಾಗಾಗಿ ಏಳು ವಿಶ್ವ ಪಟ್ಟ ಇದ್ದರೂ ಒಂದೂ ಒಲಿಂಪಿಕ್ಸ್ ಕಾಣಲಿಲ್ಲ. 1996ರ ಮೇ 5ರಂದು, ತಮ್ಮ 59ನೇ ಹುಟ್ಟುಹಬ್ಬಕ್ಕೆ ಕರೆಯಲು ಸೈಕಲ್ಲಿನಲ್ಲಿ ಹೋಗುತ್ತಿದ್ದಾಗ ಹೃದಯ ನಿಂತು ತೀರಿಕೊಂಡರು.

ಮೊದಲ ಒಲಿಂಪಿಕ್ಸಿನ ಇಬ್ಬರು

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನ ಆ ಮೊದಲ ರೇಸಿನಲ್ಲಿ ಐದನೆಯವರಾಗಿ ಬಂದವರು ಇಟಲಿಯ ಮರಿಯಾ ಕನಿನ್ಸ್. ವಯಸ್ಸು 35, ಒಂದು ಮಗುವಿನ ತಾಯಿ. ಅದಕ್ಕೂ ಮುಂಚೆ ಅವರು ಹಿಮದ ಮೇಲೆ ಜಾರುವ ಸ್ಕೀಯಿಂಗ್ ಆಟಗಾರ್ತಿ. ಸೈಕಲ್ ರೇಸಿಗೆ ಬಂದದ್ದೇ ಮೂವತ್ತು ದಾಟಿದ ಮೇಲೆ. 1985 ಮತ್ತು 1986ರಲ್ಲಿ ಹೆಂಗಸರ ಟೂರ್ ದ ಫ್ರಾನ್ಸ್ ಗೆದ್ದರು, 36 ಮತ್ತು 37ನೇ ವಯಸ್ಸಿಗೆ.

ಕನಿನ್ಸ್ ಬೆನ್ನಿಗೇ ಆರನೆಯವರಾಗಿ ಬಂದವರು ಫ್ರಾನ್ಸಿನ ಜಾನಿ ಲಾಂಗೊ. ಆಗ ಅವರಿಗೆ 25. ಇವರ ಕಥೆ ಉದ್ದವಿದೆ. 1996ರಲ್ಲಿ ಅಟ್ಲಾಂಟಾದಲ್ಲಿ ಒಲಿಂಪಿಕ್ ಚಿನ್ನ ಗೆದ್ದಾಗ ವಯಸ್ಸು 37. 2000ದಲ್ಲಿ ಸಿಡ್ನಿಯಲ್ಲಿ ಕಂಚು, ವಯಸ್ಸು 41. ಅದೇ ವರ್ಷದ ಡಿಸೆಂಬರಿನಲ್ಲಿ, 42 ತುಂಬಿದ ಮೇಲೆ, ಮೆಕ್ಸಿಕೊದಲ್ಲಿ ಒಂದು ತಾಸಿನಲ್ಲಿ 45.094 ಕಿಲೋಮೀಟರ್ ತುಳಿದು ವಿಶ್ವ ದಾಖಲೆ ಬರೆದರು. ಒಟ್ಟು ಏಳು ಒಲಿಂಪಿಕ್ಸ್ ಆಡಿದರು. 2011ರಲ್ಲಿ 52ನೇ ವಯಸ್ಸಿಗೆ ಫ್ರಾನ್ಸಿನ ರಾಷ್ಟ್ರೀಯ ಪಟ್ಟ ಗೆದ್ದರು. ಅದೇ ವರ್ಷ ಮದ್ದಿನ ಪರೀಕ್ಷೆಗೆ ಸಿಗಲಿಲ್ಲ ಎಂಬ ವಿವಾದ ಎದ್ದಿತು. ಫ್ರಾನ್ಸಿನ ಸೈಕಲ್ ಸಂಸ್ಥೆ ವಿಚಾರಣೆ ಮಾಡಿ ಆರೋಪ ಕೈಬಿಟ್ಟಿತು. ದೊಡ್ಡ ಹೆಸರಿನ ಸುತ್ತ ಇಂಥದ್ದೂ ಇರುತ್ತದೆ, ಮುಚ್ಚಿಟ್ಟು ಇತಿಹಾಸ ಹೇಳಬಾರದು.

ಲಾಂಗೊ ಅವರ ಏಳನೇ ಒಲಿಂಪಿಕ್ಸ್ 2008ರ ಬೀಜಿಂಗ್. ಅಲ್ಲಿ ‘ಟೈಮ್ ಟ್ರಯಲ್’ ರೇಸಿನಲ್ಲಿ 49ರ ಲಾಂಗೊ ನಾಲ್ಕನೆಯವರಾದರು. ಎರಡು ಸೆಕೆಂಡಿನ ಒಳಗೆ ಕಂಚು ತಪ್ಪಿತು. ಟೈಮ್ ಟ್ರಯಲ್ ಅಂದರೆ ಒಬ್ಬೊಬ್ಬರನ್ನೇ ಬೇರೆ ಬೇರೆ ಸಮಯಕ್ಕೆ ಬಿಡುತ್ತಾರೆ. ಮುಂದೆ ಯಾರೂ ಇಲ್ಲ, ಪಕ್ಕದಲ್ಲೂ ಇಲ್ಲ. ಗಡಿಯಾರದ ಜೊತೆ ಒಬ್ಬರೇ ಹೋರಾಡಬೇಕು. ಆ ದಿನ ಚಿನ್ನ ಗೆದ್ದವರು ಎರಡು ದಿನದ ಹಿಂದೆಯಷ್ಟೇ 35 ತುಂಬಿದ ಅಮೆರಿಕದ ಕ್ರಿಸ್ಟಿನ್ ಆರ್ಮ್‌ಸ್ಟ್ರಾಂಗ್.

ನಲವತ್ತಮೂರಕ್ಕೆ ಒಂದೇ ದಿನ ಬಾಕಿ

ಆರ್ಮ್‌ಸ್ಟ್ರಾಂಗ್ ಸೈಕಲ್ಲಿಗೆ ಬಂದದ್ದು ಕಾಯಿಲೆಯಿಂದ. ಮೊದಲು ಅವರು ಈಜು, ಸೈಕಲ್, ಓಟ ಮೂರೂ ಸೇರಿದ ಟ್ರಯಥ್ಲಾನ್ ಆಡುತ್ತಿದ್ದರು. 2001ರಲ್ಲಿ ಸೊಂಟದ ಕೀಲು ಸವೆದಿದೆ ಎಂದು ಗೊತ್ತಾಯಿತು. ಓಡುವಂತಿಲ್ಲ. ಉಳಿದದ್ದು ಸೈಕಲ್.

ಬೀಜಿಂಗ್ ಚಿನ್ನದ ಮರುವರ್ಷ ವಿಶ್ವ ಚಾಂಪಿಯನ್ ಆಗಿ ನಿವೃತ್ತಿ ಹೇಳಿದರು. 2010ರಲ್ಲಿ ಮಗ ಹುಟ್ಟಿದ. ಮತ್ತೆ ಸೈಕಲ್ ಹತ್ತಿದರು. 2012ರ ಲಂಡನ್ ಒಲಿಂಪಿಕ್ಸಿಗೆ ಕೆಲವೇ ವಾರ ಇರುವಾಗ ಬಿದ್ದು ಕೊರಳೆಲುಬು ಮುರಿಯಿತು. ಆದರೂ ಲಂಡನ್ನಿನಲ್ಲಿ ಮತ್ತೆ ಚಿನ್ನ. ಮತ್ತೆ ನಿವೃತ್ತಿ. ಆಸ್ಪತ್ರೆಯೊಂದರಲ್ಲಿ ನೌಕರಿ, ಮನೆ, ಮಗು.

2015ರಲ್ಲಿ ಮೂರನೇ ಸಲ ಬಂದಾಗ ಎಲ್ಲರೂ ಹುಬ್ಬೇರಿಸಿದರು. ಎಳೆಯರ ಜಾಗ ಕಸಿಯುತ್ತಾರೆ ಎಂಬ ಮಾತು ಬಂತು, ಆಯ್ಕೆಯ ವಿಚಾರ ತಕರಾರಿನ ತನಕ ಹೋಯಿತು. 2016ರ ಆಗಸ್ಟ್ 10ರಂದು ರಿಯೊದಲ್ಲಿ ಮಳೆ. ಗುಡ್ಡ ಏರಿ ಇಳಿಯುವ ಸುಮಾರು 30 ಕಿಲೋಮೀಟರ್ ದಾರಿ. ಅರ್ಧ ದಾರಿಯಲ್ಲಿ ಮೂಗಿನಿಂದ ರಕ್ತ ಸುರಿಯತೊಡಗಿತು. 44 ನಿಮಿಷ 26 ಸೆಕೆಂಡಿನಲ್ಲಿ ಗೆರೆ ಮುಟ್ಟಿ ಕೆಳಗೆ ಬಿದ್ದರು. ಐದೂವರೆ ಸೆಕೆಂಡಿನ ಅಂತರದಲ್ಲಿ ಚಿನ್ನ. ಮರುದಿನ ಅವರಿಗೆ 43 ತುಂಬಿತು. ಒಂದೇ ಸೈಕಲ್ ರೇಸಿನಲ್ಲಿ ಸತತ ಮೂರು ಒಲಿಂಪಿಕ್ ಚಿನ್ನ, 35ಕ್ಕೆ, 38ಕ್ಕೆ, 42ಕ್ಕೆ.

ಅದೇ 2016ರಲ್ಲಿ ಟೈಮ್ ಟ್ರಯಲ್ ವಿಶ್ವ ಚಾಂಪಿಯನ್ ಆದವರು ಇನ್ನೊಬ್ಬ ಅಮೆರಿಕನ್ ಮಹಿಳೆ ಆಂಬರ್ ನೆಬೆನ್. ವಯಸ್ಸು 41. ಐದು ವರ್ಷದ ಮೇಲೆ ಟೋಕಿಯೊ ಒಲಿಂಪಿಕ್ಸಿನಲ್ಲಿ 46ನೇ ವಯಸ್ಸಿಗೆ ಅವರು ಐದನೇ ಸ್ಥಾನ ಪಡೆದರು.

ಈಚಿನವರು

ನೆದರ್‌ಲ್ಯಾಂಡ್ಸಿನ ಆನೆಮಿಕ್ ಫಾನ್ ಫ್ಲೂಟೆನ್ ಕಾಲೇಜಿನಲ್ಲಿದ್ದಾಗ ಫುಟ್‌ಬಾಲ್ ಆಡಿ ಮೊಣಕಾಲು ಕೆಡಿಸಿಕೊಂಡವರು. ಕಾಲಿನ ವ್ಯಾಯಾಮಕ್ಕೆ ಸೈಕಲ್ ಹತ್ತಿದರು, ಇಪ್ಪತ್ತೈದರ ಆಸುಪಾಸಿನಲ್ಲಿ ರೇಸಿಗೆ ಬಂದರು. 2016ರ ರಿಯೊ ರೇಸಿನಲ್ಲಿ ಎಲ್ಲರಿಗಿಂತ ಮುಂದೆ ಇದ್ದಾಗ ಇಳಿಜಾರಿನಲ್ಲಿ ಬಿದ್ದು ಬೆನ್ನೆಲುಬು ಸೀಳಿತು. ಟಿವಿಯಲ್ಲಿ ನೋಡಿದವರು ಜೀವ ಹೋಯಿತೇನೋ ಅಂದುಕೊಂಡರು. ಆದರೆ ಅವರ ದೊಡ್ಡ ಗೆಲುವುಗಳಲ್ಲಿ ಹೆಚ್ಚಿನವು ಅದರ ನಂತರದವು. ಟೋಕಿಯೊದಲ್ಲಿ ಚಿನ್ನ ಗೆದ್ದಾಗ 38. 2022ರಲ್ಲಿ, 39ನೇ ವಯಸ್ಸಿಗೆ, ಇಟಲಿ, ಫ್ರಾನ್ಸ್, ಸ್ಪೇನ್ ಮೂರೂ ದೇಶಗಳ ದೊಡ್ಡ ರೇಸುಗಳನ್ನು ಒಂದೇ ವರ್ಷ ಗೆದ್ದರು. ಸೆಪ್ಟೆಂಬರಿನಲ್ಲಿ ಬಿದ್ದು ಮೊಣಕೈ ಮುರಿಯಿತು. ಮೂರು ದಿನದ ಮೇಲೆ ಅದೇ ಕೈಯಲ್ಲಿ ವಿಶ್ವ ಚಾಂಪಿಯನ್ ಆದರು.

2023ರ ಅಕ್ಟೋಬರಿನಲ್ಲಿ ಇಟಲಿಯ ವಿತ್ತೋರಿಯಾ ಬುಸ್ಸಿ ಒಂದು ತಾಸಿನಲ್ಲಿ 50.267 ಕಿಲೋಮೀಟರ್ ತುಳಿದರು. ತಾಸಿಗೆ ಐವತ್ತು ದಾಟಿದ ಮೊದಲ ಹೆಂಗಸು. ವಯಸ್ಸು 36. ಗಣಿತದಲ್ಲಿ ಡಾಕ್ಟರೇಟ್ ಮಾಡಿದ ಮೇಲೆ ಸೈಕಲ್ಲಿಗೆ ಬಂದವರು. ರಾಯಚೂರಿಂದ ಮಾನ್ವಿಗೆ ಐವತ್ತು ಕಿಲೋಮೀಟರಿಗಿಂತ ಸ್ವಲ್ಪ ಕಮ್ಮಿ. ನಮ್ಮ ಬಸ್ಸು ಅದಕ್ಕೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಅಂತ ನಿಮಗೇ ಗೊತ್ತು.

ಬ್ರಿಟನ್ನಿನ ಸಾರಾ ಸ್ಟೋರಿ ಹುಟ್ಟಿನಿಂದ ಎಡಗೈ ಊನವಿರುವವರು. 14ನೇ ವಯಸ್ಸಿಗೆ ಪ್ಯಾರಾಲಿಂಪಿಕ್ಸಿನಲ್ಲಿ ಈಜಿದರು, ಆಮೇಲೆ ಸೈಕಲ್ಲಿಗೆ ಬಂದರು. 2024ರ ಪ್ಯಾರಿಸ್ಸಿನಲ್ಲಿ ಎರಡು ಚಿನ್ನ ಗೆದ್ದರು. ಅವು ಅವರ 18 ಮತ್ತು 19ನೇ ಚಿನ್ನ. ವಯಸ್ಸು 46, ಇಬ್ಬರು ಮಕ್ಕಳ ತಾಯಿ.

ಮೈ ಹೇಗೆ ತಡೆಯುತ್ತದೆ?

ಇವರೆಲ್ಲ ದೇವರು ವರ ಕೊಟ್ಟವರು, ನಮಗೂ ಅವರಿಗೂ ಏನು ಸಂಬಂಧ ಅನ್ನಬಹುದು. ಪ್ರತಿಭೆ ಇರುವುದು ನಿಜ. ಆದರೆ ಸೈಕಲ್ಲಿಗೇ ಇರುವ ಕಾರಣಗಳೂ ಇವೆ.

ನೂರು ಮೀಟರ್ ಓಟಕ್ಕೆ ಬೇಕಾದದ್ದು ಸಿಡಿಯುವ ಶಕ್ತಿ. ಅದು ಎಳೆ ವಯಸ್ಸಿನಲ್ಲಿ ಹೆಚ್ಚು, ಬೇಗ ಇಳಿಯುತ್ತದೆ. ದೂರದ ಸೈಕಲ್ಲಿಗೆ ಬೇಕಾದದ್ದು ತಾಳಿಕೆ. ಉಸಿರು, ಹೃದಯ, ಕಾಲಿನ ಸ್ನಾಯು ಒಟ್ಟಾಗಿ ತಾಸುಗಟ್ಟಲೆ ದುಡಿಯುವ ಗುಣ. ಅದು ವರ್ಷಗಟ್ಟಲೆ ತುಳಿದು ಕಟ್ಟಿದ್ದು, ನಿಧಾನಕ್ಕೆ ಇಳಿಯುತ್ತದೆ. ಮೂವತ್ತರ ನಂತರ ಮೈಯ ಆಮ್ಲಜನಕ ಬಳಸುವ ಶಕ್ತಿ ಹತ್ತು ವರ್ಷಕ್ಕೆ ಸುಮಾರು ನೂರಕ್ಕೆ ಹತ್ತರಂತೆ ಇಳಿಯುತ್ತದೆ ಅನ್ನುತ್ತಾರೆ. ಅಭ್ಯಾಸ ಬಿಡದವರಲ್ಲಿ ಆ ಇಳಿತ ಹೆಚ್ಚುಕಮ್ಮಿ ಅರ್ಧಕ್ಕೆ ನಿಲ್ಲುತ್ತದೆ.

ಎರಡನೆಯದು, ಸೈಕಲ್ ಮೇಲೆ ಮೈಭಾರ ಸೀಟಿನ ಮೇಲಿರುತ್ತದೆ. ಓಡುವಾಗಿನಂತೆ ಮೊಣಕಾಲಿಗೆ, ಸೊಂಟಕ್ಕೆ ಹೊಡೆತ ಬೀಳುವುದಿಲ್ಲ. ಕೀಲು ಸವೆದ ಆರ್ಮ್‌ಸ್ಟ್ರಾಂಗ್ ಅವರನ್ನು ಉಳಿಸಿದ್ದು ಇದೇ. ಮೂರನೆಯದು, ಎಲ್ಲಿ ಶಕ್ತಿ ಉಳಿಸಬೇಕು, ಎಲ್ಲಿ ಸುರಿಯಬೇಕು ಅನ್ನುವ ಬುದ್ಧಿ. ಅದು ಓಡಿಸಿ ಓಡಿಸಿ ಬರುವುದು, ಇಪ್ಪತ್ತಕ್ಕೆ ಬರುವುದಿಲ್ಲ.

ಹಾಗಂತ ‘ಹೊಲದಲ್ಲಿ ದುಡಿಯುವ ನಮ್ಮ ಹೆಂಗಸರಿಗೆ ಬೇರೆ ವ್ಯಾಯಾಮ ಬೇಕಿಲ್ಲ, ಅವರೇ ಚಾಂಪಿಯನ್ನರು’ ಎಂದು ಹೊಗಳಿ ಸುಮ್ಮನಾಗುವುದು ನಮಗೆ ಇಷ್ಟವಿಲ್ಲ. ಬರ್ಟನ್‌ಗೆ ದುಡಿತದ ಜೊತೆ ಹೊಟ್ಟೆ ತುಂಬ ಊಟ ಇತ್ತು. ಗಂಡ ಮನೆ, ಮಗಳನ್ನು ನೋಡಿಕೊಂಡು ಸೈಕಲ್ ಸಿದ್ಧ ಮಾಡಿಕೊಡುತ್ತಿದ್ದರು. ನಮ್ಮ ಕಡೆ ಎಷ್ಟು ಹೆಂಗಸರಿಗೆ ಇದು ಇದೆ? ರಕ್ತಹೀನತೆ ಮನೆಮನೆಯಲ್ಲಿದೆ. ತಾಳಿಕೆ ಇದೆ, ಆದರೆ ಅದನ್ನು ಬೆಳೆಸುವ ಊಟ, ನಿದ್ದೆ, ಬಿಡುವು ಇಲ್ಲ. ಕೊರತೆ ಇರುವುದು ಅಲ್ಲಿ.

ನಮ್ಮ ಸುತ್ತಮುತ್ತ

ಪತ್ರಿಕೋದ್ಯಮದ ತರಗತಿಯಲ್ಲಿ ನಾವು ಪಿ. ಸಾಯಿನಾಥ್ ಅವರ ಪುಸ್ತಕ ಓದಿದ್ದೆವು. ಕನ್ನಡದಲ್ಲಿ ಜಿ.ಎನ್. ಮೋಹನ್ ಅದನ್ನು ‘ಬರ ಅಂದ್ರೆ ಎಲ್ಲರಿಗೂ ಇಷ್ಟ’ ಎಂದು ತಂದಿದ್ದಾರೆ. ಅದರಲ್ಲಿ ತಮಿಳುನಾಡಿನ ಪುದುಕೋಟೆ ಜಿಲ್ಲೆಯ ಕಥೆ ಬರುತ್ತದೆ. 1991ರಲ್ಲಿ ಅಲ್ಲಿ ಸಾಕ್ಷರತೆ ಆಂದೋಲನ ನಡೆಯಿತು. ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಅಕ್ಷರದ ಜೊತೆ ಸೈಕಲ್ಲನ್ನೂ ಕಲಿಸಬೇಕೆಂದರು. ಕೂಲಿಯವರು, ಕಲ್ಲುಗಣಿಯವರು, ಅಂಗನವಾಡಿಯವರು ಕಲಿತರು. ಲೇಡೀಸ್ ಸೈಕಲ್ ಸಾಲದಾದಾಗ ಗಂಡಸರ ಸೈಕಲ್ಲನ್ನೇ ಹತ್ತಿದರು. ಒಂದು ಲಕ್ಷಕ್ಕೂ ಹೆಚ್ಚು ಹೆಂಗಸರು ಕಲಿತರು. 1992ರ ಮಹಿಳಾ ದಿನದಂದು 1,500ಕ್ಕೂ ಹೆಚ್ಚು ಜನ ಹ್ಯಾಂಡಲ್ಲಿಗೆ ಬಾವುಟ ಕಟ್ಟಿಕೊಂಡು ಬೆಲ್ ಬಾರಿಸುತ್ತಾ ಪೇಟೆಯಲ್ಲಿ ಸಾಗಿದರು. ಇವರು ಶಾಲೆಯ ಹುಡುಗಿಯರಷ್ಟೇ ಅಲ್ಲ, ಮಕ್ಕಳ ತಾಯಂದಿರೂ ಇದ್ದರು. ಅದು ರೇಸಲ್ಲ, ಆದರೆ ‘ಈ ವಯಸ್ಸಿಗೇನು’ ಎಂಬ ಮಾತಿಗೆ ಒಂದು ಜಿಲ್ಲೆ ಕೊಟ್ಟ ಉತ್ತರ.

ನೆರೆಯ ಮಹಾರಾಷ್ಟ್ರದ ಪುಣೆಯ ಪ್ರೀತಿ ಮಸ್ಕೆ ಇಬ್ಬರು ಮಕ್ಕಳ ತಾಯಿ. ನಲವತ್ತರ ಹೊತ್ತಿಗೆ ಕಾಯಿಲೆ, ಮನಸ್ಸಿನ ಬೇಸರ ಕಳೆಯಲು ಓಟ, ಸೈಕಲ್ ಹಿಡಿದವರು. 2022ರ ಜೂನಿನಲ್ಲಿ 45ನೇ ವಯಸ್ಸಿಗೆ ಲೇಹ್‌ನಿಂದ ಮನಾಲಿಗೆ, ಹಿಮಾಲಯದ ಕಣಿವೆ ಘಟ್ಟಗಳ 430 ಕಿಲೋಮೀಟರ್ ದಾರಿಯನ್ನು 55 ತಾಸು 13 ನಿಮಿಷದಲ್ಲಿ ಒಬ್ಬರೇ ಮುಗಿಸಿ ಗಿನ್ನೆಸ್ ದಾಖಲೆ ಮಾಡಿದರು.

ನಮ್ಮ ಕರ್ನಾಟಕಕ್ಕೆ ಬಂದರೆ, ಸೈಕಲ್ ಅಂದಕೂಡಲೇ ನೆನಪಾಗುವುದು ವಿಜಯಪುರ, ಬಾಗಲಕೋಟೆ. ಆ ಕಡೆ ಜಾತ್ರೆಗಳಲ್ಲಿ ಸೈಕಲ್ ರೇಸು ಇಡುವ ರೂಢಿ ಇದೆ. ಸರ್ಕಾರಿ ಕ್ರೀಡಾ ನಿಲಯದಲ್ಲಿ ಸೈಕ್ಲಿಂಗ್ ಕಲಿಸುತ್ತಾರೆ. ರೈತರ, ಕೂಲಿಯವರ ಮಕ್ಕಳು ಅಲ್ಲಿಂದ ರಾಷ್ಟ್ರಮಟ್ಟಕ್ಕೆ ಹೋಗಿದ್ದಾರೆ. ನೀಲಮ್ಮ ಮಲ್ಲಿಗವಾಡ, ಮೇಘಾ ಗೂಗಾಡ, ರೇಣುಕಾ ದಂಡಿನ ಮುಂತಾದ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ರಾಜ್ಯಕ್ಕೆ ಪದಕ ತಂದಿದ್ದಾರೆ. ಕೃಷ್ಣೆಯ ಈ ದಂಡೆಯ ರಾಯಚೂರಿಗೂ ವಿಜಯಪುರಕ್ಕೂ ನೆಲ ಒಂದೇ, ಬಿಸಿಲು ಒಂದೇ, ಜೋಳದ ರೊಟ್ಟಿ ಒಂದೇ.

ಆದರೆ ಅಲ್ಲಿಯೂ ನಮಗೆ ಹೆಚ್ಚಾಗಿ ಕಾಣುವುದು ಎಳೆಯ ಹೆಸರುಗಳೇ. ನಿಲಯದ ವಯಸ್ಸು ಮುಗಿಯುತ್ತದೆ, ನೌಕರಿ ಇಲ್ಲವೇ ಮದುವೆ ಬರುತ್ತದೆ, ಸೈಕಲ್ ನಿಲ್ಲುತ್ತದೆ. ಲಾಂಗೊ, ಆರ್ಮ್‌ಸ್ಟ್ರಾಂಗ್, ಫಾನ್ ಫ್ಲೂಟೆನ್ ಅವರ ದೊಡ್ಡ ಗೆಲುವುಗಳು ಬಂದದ್ದು ನಮ್ಮವರು ನಿಲ್ಲಿಸುವ ವಯಸ್ಸಿನ ನಂತರ. ಅಂದರೆ ನಮ್ಮ ಹೆಣ್ಣುಮಕ್ಕಳು ಸೋತು ಹಿಂದೆ ಸರಿಯುತ್ತಿಲ್ಲ. ಗೆಲ್ಲುವ ವಯಸ್ಸು ಬರುವ ಮೊದಲೇ ಅವರನ್ನು ಇಳಿಸುತ್ತಿದ್ದೇವೆ.

ನಮ್ಮದೊಂದು ಮಾತು

ಇದನ್ನು ಓದಿ ಯಾರೋ ಒಲಿಂಪಿಕ್ಸಿಗೆ ಹೋಗಲಿ ಅಂತ ನಾವು ಬರೆದಿಲ್ಲ. ನಾವು ಕೇಳುವುದು ಚಿಕ್ಕದು.

ನಮ್ಮ ಜಾತ್ರೆಗಳಲ್ಲಿ ಕುಸ್ತಿ ಇದೆ, ಕಲ್ಲು ಎತ್ತುವುದಿದೆ, ಎತ್ತಿನ ಸ್ಪರ್ಧೆ ಇದೆ. ಮುಂದಿನ ಜಾತ್ರೆಗೆ ಕಮಿಟಿಯವರು ಮೂವತ್ತು ದಾಟಿದ ಹೆಂಗಸರಿಗೆ ಒಂದು ಸೈಕಲ್ ರೇಸು ಇಡಲಿ. ಗೇರ್ ಸೈಕಲ್ ಬೇಡ, ಇದ್ದ ಸೈಕಲ್ಲೇ ಸಾಕು. ಊರ ಅಗಸಿಯಿಂದ ಕಾಲುವೆ ತನಕ ಹೋಗಿ ಬರುವ ನಾಲ್ಕೈದು ಕಿಲೋಮೀಟರ್. ಬೆಳಗಿನ ಆರಕ್ಕೆ, ಬಿಸಿಲೇರುವ ಮೊದಲು. ಅರ್ಧ ತಾಸು ಟ್ರ್ಯಾಕ್ಟರ್, ಬೈಕು ನಿಲ್ಲಿಸಿದರೆ ಸಾಕು. ವಿಶ್ವ ಸೈಕ್ಲಿಂಗ್ ಸಂಸ್ಥೆ ಯುಸಿಐ ಹವ್ಯಾಸಿಗಳಿಗಾಗಿ ಐದೈದು ವರ್ಷದ ವಯೋಗುಂಪು ಮಾಡಿ ವಿಶ್ವ ಚಾಂಪಿಯನ್‌ಷಿಪ್ಪನ್ನೇ ನಡೆಸುತ್ತದೆ. ನಮ್ಮ ಜಾತ್ರೆ ಕಮಿಟಿಗೆ ಒಂದು ಗುಂಪು ಮಾಡುವುದು ಕಷ್ಟವೇನಲ್ಲ.

ಅಕ್ಕಂದಿರಿಗೂ ಒಂದು ಮಾತು. ಬಹಳ ವರ್ಷದ ಮೇಲೆ ಹತ್ತುವವರು ಮೊದಲ ವಾರ ಹತ್ತು ನಿಮಿಷ ತುಳಿಯಿರಿ, ಆಮೇಲೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಸೀಟು ತೀರಾ ತಗ್ಗಿದ್ದರೆ ಮೊಣಕಾಲು ನೋಯುತ್ತದೆ, ಪೆಡಲ್ ಕೆಳಗೆ ಬಂದಾಗ ಕಾಲು ಹೆಚ್ಚುಕಮ್ಮಿ ನೀಳವಾಗುವಷ್ಟು ಏರಿಸಿಕೊಳ್ಳಿ. ಸೀರೆ, ದುಪಟ್ಟಾ ಚೈನಿಗೆ ಸಿಗದ ಹಾಗೆ ಸಿಕ್ಕಿಸಿಕೊಳ್ಳಿ. ಬಿ.ಪಿ. ಇದ್ದವರು, ಎದೆನೋವು ಬರುವವರು, ನಡೆದರೆ ಏದುಸಿರು ಬರುವವರು ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ.

ಈ ಬರಹ ಬರೆಯುವ ಮುಂಚೆ ನಮ್ಮ ತಂಡದವಳೊಬ್ಬಳು ಊರಿಗೆ ಹೋಗಿ ತಮ್ಮನ ಪಾಲಾದ ತನ್ನ ಹಳೆಯ ಸೈಕಲ್ಲನ್ನು ಹೊರಗೆ ತೆಗೆಸಿದಳು. ಟೈರು, ಟ್ಯೂಬು, ಬ್ರೇಕ್ ರಬ್ಬರ್ ಹೊಸದು ಹಾಕಿಸಿದಳು. ಸಂಜೆ ಹೊತ್ತಿಗೆ ಕಾಲುವೆ ದಾರಿಯಲ್ಲಿ ಎರಡು ಕಿಲೋಮೀಟರ್ ಹೋಗಿ ಬಂದಳು. ಮರುದಿನ ತೊಡೆ ಹಿಡಿದುಕೊಂಡು ಕೂತಿದ್ದಳು, ಆ ಮಾತು ಬೇರೆ. ಅವಳ ಅತ್ತಿಗೆ, ಮೂವತ್ತಾರು ವರ್ಷದವರು, ಅಂಗಳದಲ್ಲಿ ಸೈಕಲ್ ಹಿಡಿದು ಒಳಪೆಡಲ್ ಹಾಕಿ ನೋಡಿದರಂತೆ.

ನಿಮ್ಮ ಮನೆಯ ಕೊಟ್ಟಿಗೆಯಲ್ಲೂ ಅಂಥದ್ದೊಂದು ಸೈಕಲ್ ಇದ್ದರೆ ಒಮ್ಮೆ ಗಾಳಿ ಹೊಡೆಸಿ ನೋಡಿ. ನಿಮ್ಮೂರಲ್ಲಿ ಹೆಂಗಸರ ರೇಸು ಇಟ್ಟರೆ ನಮಗೊಂದು ಫೋನ್ ಮಾಡಿ. ಬಂದು ನೋಡುತ್ತೇವೆ, ಬರೆಯುತ್ತೇವೆ.